ಏಳನೆಯ ಕಾಲಂ

ಹನ್ನೊಂದು ವರ್ಷ ಗುತ್ತಿಗೆದಾರರ ಪರವಾಗಿ ಪತ್ರ ಬರೆದೇ ಉಂಡವಳು ನಾನು.
ಲಿಲೋಂಗ್ವೆಯ ರಸ್ತೆ, ಜೊಂಬಾದ ಆಸ್ಪತ್ರೆ, ಮ್ಜೂಜುವಿನ ಮಾರುಕಟ್ಟೆ,
ಎಲ್ಲೇ ಆಗಲಿ, ಗೋಡೆ ಏಳುವ ಮೊದಲೇ ಕಡತ ಏಳುತ್ತಿತ್ತು.
"ತಮ್ಮ ಗಮನಕ್ಕೆ ತರಬಯಸುವುದೇನೆಂದರೆ"
ಎಂದು ಶುರುಮಾಡಿದರೆ ಸಾಕು,
ಇಟ್ಟಿಗೆಗಿಂತ ನೇರ ನಿಲ್ಲುತ್ತಿದ್ದವು ನನ್ನ ಸಾಲು.
ಮಳೆ ತಡವಾದರೆ ಒಂದು ಪತ್ರ, ಬೇಗ ಬಂದರೆ ಒಂದು,
ನಕ್ಷೆ ಬರಲಿಲ್ಲವೆಂದು ಒಂದು, ಬಂದದ್ದು ತಪ್ಪೆಂದು ಇನ್ನೊಂದು.
ಹತ್ತು ಹೆಜ್ಜೆ ದೂರದ ಡೇರೆಯಲ್ಲಿ ಕೂತವನಿಗೆ
ರಿಜಿಸ್ಟರ್ಡ್ ಅಂಚೆ.
ಸಂಜೆ ಇಬ್ಬರೂ ಒಂದೇ ಅಂಗಡಿಯಲ್ಲಿ ಹುರಿದ ಉಸಿಪಾ ಮೀನು ತಿಂದು
ಸೆಖೆಯ ಬಗ್ಗೆ ಮಾತಾಡಿ ಏಳುತ್ತಿದ್ದೆವು.

ಕರೋಂಗಾದ ಸೇತುವೆಗೆ ಬಂದಾಗ ಹೇಳಿದರು:
ಇಲ್ಲಿ ಒಂದೇ ಮೇಜು.
ಇಲಾಖೆ, ಗುತ್ತಿಗೆದಾರ, ನಕ್ಷೆಯವರು, ಕಬ್ಬಿಣದವರು,
ಎಲ್ಲರಿಗೂ ಒಂದೇ ಲೆಕ್ಕದ ಪುಸ್ತಕ, ಅದೂ ತೆರೆದದ್ದು.
ಉಳಿದರೆ ಹಂಚಿಕೆ, ಮುಳುಗಿದರೂ ಹಂಚಿಕೆ.
ಕಷ್ಟ ಕಂಡವರು ಕಂಡ ದಿನವೇ ಹೇಳಬೇಕು,
ಹೇಳಿದವರಿಗೆ ದಂಡವಿಲ್ಲ.
ಗೊತ್ತಿಲ್ಲದ ಪ್ರಾರ್ಥನೆಗೆ ಆಮೆನ್ ಅನ್ನುವ ಹಾಗೆ
ನಾವು ತಲೆಯಾಡಿಸಿದೆವು.
ಮೇಜು ಮಾವಿನ ಹಲಗೆಯದು, ಒಂದು ಕಾಲು ಗಿಡ್ಡ.
ಅದರಡಿ ಹಳೆಯ ಕರಾರಿನ ಸಂಪುಟವೊಂದನ್ನು ತುರುಕಿದೆವು.
ಅಂತೂ ಉಪಯೋಗಕ್ಕೆ ಬಂತು.

ಮೊದಲ ತಿಂಗಳು ಯಾರೂ ಏನೂ ಹೇಳಲಿಲ್ಲ.
ಎಲ್ಲ ಸರಿಯಿದೆ, ಎಲ್ಲ ಸರಿಯಿದೆ.
ಮುಚ್ಚಿದ ಪುಸ್ತಕವೊಂದು
ಎಲ್ಲರ ಚೀಲದಲ್ಲೂ ಇತ್ತು. ನನ್ನದರಲ್ಲೂ.

ಆಮೇಲೆ ಒಂದು ಮಂಗಳವಾರ, ಅಕ್ಟೋಬರಿನ ಉರಿಯಲ್ಲಿ
ಕೊರೆಯುವ ಯಂತ್ರದ ಮೇಸ್ತ್ರಿ ಮ್ವಾಕಿಕುಂಗಾ
ಬಾಗಿಲಲ್ಲೇ ನಿಂತ. ಮೊಣಕೈವರೆಗೆ ಬೂದು ಕೆಸರು.
"ಮೂರನೆಯ ಕಂಬದ ಕೆಳಗೆ ಬಂಡೆ ಇಲ್ಲ.
ನಕ್ಷೆಯಲ್ಲಿ ಹದಿನೆಂಟು ಮೀಟರಿಗೇ ಇದೆ. ಇಪ್ಪತ್ತಮೂರಾಯಿತು,
ಇನ್ನೂ ಗಂಜಿಯಂಥ ಮಣ್ಣು.
ರಾತ್ರಿಯೇ ಕಾಂಕ್ರೀಟು ಸುರಿದಿದ್ದರೆ
ಯಾರಿಗೂ ತಿಳಿಯುತ್ತಿರಲಿಲ್ಲ."

ಫ್ಯಾನು ತಿರುಗುವ ಸದ್ದು.
ನನ್ನ ಬೆರಳು ಅಭ್ಯಾಸಬಲದಿಂದ
ಪೆನ್ನಿನ ಮುಚ್ಚಳ ತೆಗೆದಾಗಿತ್ತು.
ನಕ್ಷೆಯ ತಮಾಂಡಾ ಆ ಪೆನ್ನನ್ನೇ ನೋಡುತ್ತಿದ್ದಳು,
ಹಾವನ್ನು ನೋಡುವ ಹಾಗೆ.
"ಎರಡು ಪರೀಕ್ಷೆ ಗುಂಡಿಗಷ್ಟೇ ಹಣ ಬಂದಿತ್ತು," ಅಂದಳು,
"ಮೂರನೆಯದನ್ನು ಊಹಿಸಿ ಬರೆದೆ."
ಇಲಾಖೆಯ ಕುಂಬಿರಾನಿ ಕೆಮ್ಮಿದ. "ಹಣ ಕತ್ತರಿಸಿದವನು ನಾನು."

ಮುಚ್ಚಳ ಹಾಕಿದೆ. ಆ ಸಣ್ಣ ಟಕ್ ಸದ್ದು
ಇಡೀ ಕೋಣೆಗೆ ಕೇಳಿತು.
"ಆ ಊಹೆಗೆ ದರ ಕಟ್ಟಿದವಳು ನಾನು, ಸರಿಯಾಗಿ ಓದದೆ."

ನಂತರ ಜಗಳವಾಯಿತು; ಆಗಲಿಲ್ಲವೆಂದರೆ ಸುಳ್ಳು.
ಮಧ್ಯಾಹ್ನದ ನ್ಸೀಮಾ ಆರಿ ಕಲ್ಲಾಯಿತು.
ಆದರೆ ಜಗಳವೆಲ್ಲ ಕಂಬದ ಬಗ್ಗೆ:
ಉದ್ದ ಮಾಡುವುದೋ, ಜಾಗ ಸರಿಸುವುದೋ,
ಉಗ್ರಾಣದಲ್ಲಿ ಉಳಿದ ಸರಳು ಎಷ್ಟೋ,
ಮಳೆಗೆ ಇನ್ನು ಮೂರೇ ವಾರ.
ಕಂಬವೀಗ ಮೂವತ್ತೊಂದು ಮೀಟರು ಕೆಳಗೆ ಕಾಲೂರಿದೆ.
ಮೇಲೆ ಹೋಗುವ ಲಾರಿಯವರಿಗೆ ಅದು ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಏಪ್ರಿಲಿನಲ್ಲಿ ರಾಜಧಾನಿಯಿಂದ ಲೆಕ್ಕ ತಪಾಸಣೆಯವನು ಬಂದ.
ಒಳ್ಳೆಯ ಮನುಷ್ಯ, ಚಹಾಕ್ಕೆ ತನ್ನದೇ ಸಕ್ಕರೆ ತಂದಿದ್ದ.
ಹೆಚ್ಚುವರಿ ಹದಿಮೂರು ಮೀಟರು: ಸರಿ. ಮೊತ್ತ: ಸರಿ.
ಏಳನೆಯ ಕಾಲಂ: ತಪ್ಪಿತಸ್ಥರು.
"ಹಂಚಿಕೊಂಡಿದ್ದೇವೆ," ಅಂದೆ.
"ಹೆಸರು?"
"ಮೂರಿವೆ, ನನ್ನದೂ ಸೇರಿ."
"ಒಂದಕ್ಕೇ ಜಾಗ," ಎಂದು ಚೌಕ ತೋರಿಸಿದ,
ಹೆಬ್ಬೆರಳ ಉಗುರಿನಷ್ಟು.
ಆ ಫಾರಂ ಅವನು ಹುಟ್ಟುವ ಮುಂಚೆ ಅಚ್ಚಾದದ್ದು.
ಆಳಿದವರು ಹೋದರು,
ಅವರ ಚೌಕಗಳು ಇಲ್ಲೇ ಉಳಿದವು.

ಕಡತ ಎರಡು ಸಲ ವಾಪಸು ಬಂದಿದೆ.
ಮ್ವಾಕಿಕುಂಗಾ ಮೊನ್ನೆ ಅಂದ, "ನನ್ನ ಹೆಸರು ಬರೆದುಬಿಡಿ ಮೇಡಂ.
ನಿವೃತ್ತಿಗೆ ನಾಲ್ಕೇ ತಿಂಗಳು, ಏನು ಮಾಡಿಯಾರು?"
ಬರೆಯಲಿಲ್ಲ.

ಇವತ್ತು ಮತ್ತೆ ಆ ಹಳೆಯ ಸಾಲನ್ನೇ ಹಿಡಿದಿದ್ದೇನೆ,
"ತಮ್ಮ ಗಮನಕ್ಕೆ ತರಬಯಸುವುದೇನೆಂದರೆ"
ಈ ಸಲ ಚೌಕದ ಬಗ್ಗೆ.
ಸ್ವಲ್ಪ ದೊಡ್ಡದು ಮಾಡಿ ಎಂದು.